ಸಿಯಾಲ್‌ಕೋಟಿನವಳ ಕಾರು

ಆ ವಸಂತದಲ್ಲಿ ನನ್ನ ಕಾರಿನ ಗೇರ್‌ಬಾಕ್ಸ್ ಕೆಟ್ಟು ಗ್ಯಾರೇಜ್ ಸೇರಿತ್ತು. ಬೇಕಾದ ಭಾಗ ಬರಲು ವಾರಗಳೇ ಹಿಡಿಯಬಹುದೆಂದು ಮೆಕ್ಯಾನಿಕ್ ಹೇಳಿದ್ದ. ಕಾರು ಮಾಡುವ ಊರಿನಲ್ಲೇ ಕಾರಿನ ಭಾಗ ಸಿಗುವುದಿಲ್ಲವೆಂದರೆ ನಗು ಬರುತ್ತದೆ. ಆದರೆ ಅಮೆರಿಕದ ಡೆಟ್ರಾಯಿಟ್ ಪಕ್ಕದ ನಮ್ಮ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿಲ್ಲದವರು ಕಾಲಿಲ್ಲದವರ ಹಾಗೆಯೇ. ಆಗ ದಿನವೂ ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋಗಿ ಸಂಜೆ ಮನೆ ಬಾಗಿಲಿಗೆ ತಂದು ಬಿಡುತ್ತಿದ್ದವಳು ನನ್ನ ಸಹೋದ್ಯೋಗಿ. ಪಾಕಿಸ್ತಾನದ ಸಿಯಾಲ್‌ಕೋಟಿನವಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ನಮ್ಮ ಪಕ್ಕದ ಬಡಾವಣೆಯಲ್ಲೇ ಅವಳ ಮನೆ. ನಾನು ಕೇಳಿರಲೂ ಇಲ್ಲ, ಅವಳೇ ಊಟದ ಹೊತ್ತಿನಲ್ಲಿ, "ಸುಮ್ಮನೆ ಕ್ಯಾಬ್‌ಗೆ ಯಾಕೆ ದುಡ್ಡು ಸುರಿಯುತ್ತೀಯ, ನಾನು ಹೇಗೂ ಆ ದಾರಿಯಲ್ಲೇ ಬರುತ್ತೇನೆ" ಅಂದಿದ್ದಳು. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷ್, ಅರ್ಧ ನನ್ನ ಹರಕು ಹಿಂದಿ.

ನಾವು ಕೆಲಸ ಮಾಡುವ ಕಾರ್ಖಾನೆಯಲ್ಲಿ ಬ್ರೇಕು ಮತ್ತು ಆಕ್ಸಲ್‌ನ ಭಾಗಗಳು ತಯಾರಾಗುತ್ತವೆ. ಮುಂದಿನ ಅರ್ಧದಲ್ಲಿ ಕಾರು, ಟ್ರಕ್ಕುಗಳಿಗೆ. ಹಿಂದಿನ ಅರ್ಧದಲ್ಲಿ ಸೈನ್ಯದ ವಾಹನಗಳಿಗೆ. ನಡುವೆ ಬೂದು ಬಣ್ಣದ ಒಂದು ಬಾಗಿಲು. ನಾನು ಕೆಲಸದ ವೀಸಾದ ಮೇಲಿರುವವಳು, ನನ್ನ ಬ್ಯಾಡ್ಜ್‌ಗೆ ಆ ಬಾಗಿಲು ತೆರೆಯುವುದಿಲ್ಲ. ಅವಳು ಇಲ್ಲಿನ ನಾಗರಿಕಳಾಗಿ ಬಹಳ ವರ್ಷವಾಗಿತ್ತು, ಅವಳ ಮೇಜು ಆ ಬಾಗಿಲಿನ ಆಚೆಗಿತ್ತು. ಒಳಗೆ ಏನು ಮಾಡುತ್ತಾಳೆಂದು ನಾನು ಕೇಳುತ್ತಿರಲಿಲ್ಲ, ಅವಳು ಹೇಳುವ ಹಾಗೂ ಇರಲಿಲ್ಲ.

ನನ್ನ ಗಂಡನಿಗೆ ಹಿಂದಿನ ವರ್ಷ ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ಗೆ ಕೆಲಸ ಬದಲಾಗಿತ್ತು. ಶುಕ್ರವಾರ ರಾತ್ರಿ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದು ಭಾನುವಾರ ಊಟವಾದ ಮೇಲೆ ಹೊರಡುತ್ತಿದ್ದರು, ಅದೂ ಎಲ್ಲ ವಾರವೂ ಆಗುತ್ತಿರಲಿಲ್ಲ. ಮಗಳನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲವೆಂದು ಮೈಸೂರಿನಿಂದ ಅಪ್ಪ ಬಂದರು. ಅಮ್ಮ ಬರುವಂತಿರಲಿಲ್ಲ, ನನ್ನ ತಮ್ಮನ ಹೆಂಡತಿ ಬಸುರಿ. ತಮ್ಮ ಸೈನ್ಯದ ಪದಾತಿ ದಳದಲ್ಲಿದ್ದ, ಜಮ್ಮುವಿನ ಕಡೆ. ಎಲ್ಲಿ ಎಂದು ಸರಿಯಾಗಿ ಹೇಳುತ್ತಿರಲಿಲ್ಲ. ಅಪ್ಪ ಮಾತ್ರ ಅವನು ಫೋನಿನಲ್ಲಿ ಹೇಳುವ ಬಿಸಿಲು, ಗಾಳಿ, ತರಕಾರಿಗಳ ಮೇಲೆಯೇ ಲೆಕ್ಕ ಹಾಕಿ, "ಸಾಂಬಾ ಕಡೆ ಇದಾನೆ ಬಿಡು" ಅನ್ನುತ್ತಿದ್ದರು. ಅಪ್ಪನೂ ಸೈನ್ಯದಲ್ಲಿದ್ದವರೇ. ಬಂದೂಕಿನವರಲ್ಲ, ವರ್ಕ್‌ಶಾಪಿನವರು. ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತಂದು ರಿಪೇರಿ ಮಾಡುವ ದಳ. ಬಾಂಗ್ಲಾದೇಶ ಹುಟ್ಟಿದ ಯುದ್ಧ ನಡೆದಾಗ ಅವರಿಗಿನ್ನೂ ಮೀಸೆ ಪೂರ್ತಿ ಬಂದಿರಲಿಲ್ಲವಂತೆ.

ಅಪ್ಪ ಬಂದ ಕೆಲವೇ ದಿನಗಳಲ್ಲಿ ಕಾಶ್ಮೀರದಲ್ಲಿ ಪ್ರವಾಸಿಗರನ್ನು ಗುಂಡಿಟ್ಟು ಕೊಂದ ಸುದ್ದಿ ಬಂತು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಮಾರನೆಯ ಬೆಳಿಗ್ಗೆ ಅವಳು ಕಾರಿನಲ್ಲಿ ನಾನು ಬೆಲ್ಟ್ ಹಾಕಿಕೊಳ್ಳುವವರೆಗೆ ಕಾದು, "ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ತುಂಬ ಕೆಟ್ಟದ್ದಾಯಿತು" ಅಂದಳು. ನಾನು ಹೂಂ ಅಂದೆ. ಅಷ್ಟಕ್ಕೇ ನಿಲ್ಲಿಸಿದೆವು. ಅದಾದ ಮೇಲೆ ನಮ್ಮ ಮಾತು ಮಕ್ಕಳ ಶಾಲೆ, ಅಡುಗೆ, ರಸ್ತೆ ರಿಪೇರಿ ಇಷ್ಟರಲ್ಲೇ ಸುತ್ತತೊಡಗಿತು.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಶಿಫ್ಟ್ ಮುಗಿಯುವ ಹೊತ್ತಿಗೆ ನನ್ನ ಫೋನು ಮೇಜಿನ ಮೇಲೆ ನಿಲ್ಲದೆ ನಡುಗಿತು. ಭಾರತದಲ್ಲಿ ಆಗ ನಡುರಾತ್ರಿ. ನಮ್ಮವರು ಗಡಿಯಾಚೆ ಕ್ಷಿಪಣಿ ಹೊಡೆದಿದ್ದರು. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದರ ಮೇಲೊಂದು ಬಾವುಟ ಹಾರುತ್ತಿತ್ತು. ನಾನು ತಮ್ಮನಿಗೆ ಫೋನ್ ಮಾಡಿದೆ. ಹೋಗಲಿಲ್ಲ.

ಪಾರ್ಕಿಂಗ್‌ನಲ್ಲಿ ಅವಳು ಕಾರಿಗೆ ಒರಗಿ ಕಿವಿಗೆ ಫೋನು ಹಿಡಿದು ನಿಂತಿದ್ದಳು. ಪಂಜಾಬಿಯಲ್ಲಿ ಜೋರಾಗಿ ಏನೋ ಹೇಳುತ್ತಿದ್ದವಳು ನನ್ನನ್ನು ಕಂಡು ದನಿ ತಗ್ಗಿಸಿದಳು. ನನಗೆ ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿತು. ಹೋಗುವುದು ಎಲ್ಲಿಗೆ? ಮಗಳು ಬಸ್ಸಿಳಿಯುವ ಹೊತ್ತಾಗಿತ್ತು, ಅಪ್ಪ ಮನೆಯಲ್ಲಿ ಟಿವಿ ಹಾಕಿರುತ್ತಾರೆ. ಹತ್ತಿ ಕೂತೆ.

"ನನ್ನ ತಂಗಿ," ಎಂದು ಅವಳೇ ಹೇಳಿದಳು. "ಜಫರ್‌ವಾಲ್ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಅವರ ಹೊಲ ದಾಟಿದರೆ ಗಡಿ. ಸದ್ದು ಕೇಳಿಸಿತಂತೆ."

"ನನ್ನ ತಮ್ಮ ಅದೇ ಗಡಿಯ ನಮ್ಮ ಕಡೆ ಇದ್ದಾನೆ, ಸೈನ್ಯದಲ್ಲಿ," ಅಂದೆ.

ತಮ್ಮ ಸೈನ್ಯದಲ್ಲಿದ್ದಾನೆಂದು ಅವಳಿಗೆ ಅಲ್ಲಿಯವರೆಗೆ ನಾನು ಹೇಳಿರಲಿಲ್ಲ. ಅವಳು ತಿರುಗಿ ನೋಡಿದಳು, ಆಮೇಲೆ ರಸ್ತೆ ನೋಡಿದಳು. ಅವಳ ತಂಗಿಗೂ ನನ್ನ ತಮ್ಮನಿಗೂ ನಡುವೆ ನಮ್ಮ ಮನೆಯಿಂದ ಡೆಟ್ರಾಯಿಟ್ ನಗರದೊಳಗೆ ಹೋಗಿಬರುವಷ್ಟು ದೂರವೂ ಇರಲಿಲ್ಲ.

ಮನೆಯಲ್ಲಿ ಅಪ್ಪ ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಬೆನ್ನು ಒರಗಿಸಿರಲಿಲ್ಲ. ಅವರ ವಾಪಸ್ ಟಿಕೆಟ್ ಆ ವಾರದ ಕೊನೆಗೇ ಇತ್ತು, ದೆಹಲಿಯ ಮೇಲೆ. ಸೊಸೆಯ ಹೆರಿಗೆಯ ಹೊತ್ತಿಗೆ ಮನೆಯಲ್ಲಿರಬೇಕೆಂದು ಅವರೇ ಹಟ ಮಾಡಿ ಮಾಡಿಸಿಕೊಂಡಿದ್ದು. ಮಾರನೆಯ ದಿನ ವಿಮಾನದವರಿಂದ ಸಂದೇಶ ಬಂತು, ಪ್ರಯಾಣ ರದ್ದು, ಹೊಸ ದಿನಾಂಕ ಆಮೇಲೆ ತಿಳಿಸುತ್ತೇವೆ ಎಂದು.

"ಬೇರೆ ದಾರಿ ಇಲ್ವೇನಮ್ಮ?" ಎಂದು ಕೇಳಿದರು.

"ನೋಡ್ತಿದೀನಿ ಅಪ್ಪ. ದುಬೈ ಮೇಲಿಂದಾನೂ ಸೀಟ್ ಇಲ್ಲ."

"ನಾನೇ ಹೋಗಿ ಏನೂ ಮಾಡಕ್ಕಾಗಲ್ಲ, ಅದು ಗೊತ್ತು. ಆದ್ರೂ ಇಲ್ಲಿ ಕೂತಿರೋದು..." ಎಂದು ಕಿಟಕಿಯ ಆಚೆ ನೋಡಿದರು. ಹೊರಗೆ ಒಂದೇ ಥರದ ಮನೆಗಳು, ಒಂದೇ ಥರ ಕತ್ತರಿಸಿದ ಹುಲ್ಲು, ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅವರಿಗೆ ಡ್ರೈವ್ ಮಾಡಲು ಬರುತ್ತಿತ್ತು, ಇಲ್ಲಿ ಲೈಸೆನ್ಸ್ ಇಲ್ಲ. ಟ್ಯಾಂಕನ್ನೇ ಎಳೆದು ತಂದ ಮನುಷ್ಯ ಹಾಲು ತರಬೇಕಾದರೂ ನನ್ನನ್ನು ಕಾಯಬೇಕಿತ್ತು.

ಸಂಜೆ ನನ್ನ ಗಂಡ ಫೋನ್ ಮಾಡಿದರು. "ನೋಡು, ಆ ಹೆಂಗಸಿನ ಜೊತೆ ಓಡಾಡೋದು ಸ್ವಲ್ಪ ದಿನ ನಿಲ್ಸು. ಆಫೀಸಲ್ಲಿ ಏನೂ ಮಾತಾಡ್ಬೇಡ, ಆನ್‌ಲೈನ್‌ನಲ್ಲಂತೂ ಏನೂ ಹಾಕ್ಬೇಡ. ಗ್ರೀನ್ ಕಾರ್ಡ್ ಅಪ್ಲೈ ಮಾಡಿ ಕೂತಿದೀವಿ. ಯಾರು ಏನು ನೋಡ್ತಿರ್ತಾರೋ ಗೊತ್ತಿಲ್ಲ."

"ಮತ್ತೆ ಹೆಂಗೆ ಹೋಗ್ಲಿ?"

"ಕ್ಯಾಬ್ ಮಾಡ್ಕೋ."

ಅದಾದ ಮೇಲೆ ನಮ್ಮ ಕನ್ನಡ ಸಂಘದ ಒಬ್ಬ ಆಂಟಿಯೂ ಫೋನ್ ಮಾಡಿದರು. ಅಂಗಡಿಯ ಮುಂದೆ ನಾನು ಅವಳ ಕಾರಿನಿಂದ ಇಳಿಯುವುದನ್ನು ಯಾರೋ ನೋಡಿದ್ದರಂತೆ. "ನಿನ್ನ ತಮ್ಮ ಅಲ್ಲಿ ಎದೆಯೊಡ್ಡಿ ನಿಂತಿದಾನೆ, ನೀನಿಲ್ಲಿ ಅವಳ ಪಕ್ಕ ಕೂತ್ಕೊಂಡು ಹೋಗ್ತಿದೀಯಲ್ಲಮ್ಮ" ಅಂದರು. ಬೈಗುಳದಂತೆ ಇರಲಿಲ್ಲ, ನಿಜಕ್ಕೂ ನೊಂದುಕೊಂಡ ಹಾಗಿತ್ತು. ನಾನು ಆಯ್ತು ಆಂಟಿ ಅಂದೆ. ಎಲ್ಲರಿಗೂ ಆಯ್ತು ಅನ್ನುವುದೇ ಆಗ ನನ್ನ ಕೆಲಸವಾಗಿತ್ತು.

ಬೆಳಿಗ್ಗೆ ಅವಳ ಕಾರು ಬಂದು ನಿಂತಿತು. ನಾನು ಕ್ಯಾಬ್ ಕರೆದಿರಲಿಲ್ಲ, ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ. ಅಪ್ಪ ಪರದೆ ಸರಿಸಿ ನೋಡಿ, "ಬಂದಿದಾಳೆ. ಕಾಯಿಸ್ಬೇಡ" ಅಂದರು. ಚಪ್ಪಲಿ ಮೆಟ್ಟಿಕೊಂಡು ಹೋದೆ.

ಮೇ ತಿಂಗಳೆಂದರೆ ಮಿಶಿಗನ್ನಿನಲ್ಲಿ ರಸ್ತೆ ಅಗೆಯುವ ಕಾಲ. ಶುಕ್ರವಾರ ಸಂಜೆ ವಾಪಸು ಬರುವಾಗ ಹೆದ್ದಾರಿಯ ಒಂದೇ ಸಾಲು ತೆರೆದಿತ್ತು. ಎರಡೂ ಕಡೆ ಕಿತ್ತಳೆ ಬಣ್ಣದ ಡ್ರಮ್ಮುಗಳು, ಮುಂದೆ ಟ್ರಕ್ಕು, ಹಿಂದೆ ಟ್ರಕ್ಕು. ಅವಳ ಫೋನಿಗೆ ಸಂದೇಶ ಬಂತು. ಓದಿದವಳು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು.

"ನಿಮ್ಮವರು ನಿಲ್ಲಿಸುವುದೇ ಇಲ್ಲವೇ?" ಅಂದಳು. "ಸಿಯಾಲ್‌ಕೋಟಿನಲ್ಲಿ ಸೈರನ್ ಕೂಗುತ್ತಿದೆ. ನಮ್ಮಮ್ಮನಿಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ."

"ಶುರು ಮಾಡಿದ್ದು ಯಾರು?"

"ನಮ್ಮಮ್ಮ ಶುರು ಮಾಡಿದಳೇ?"

"ಆ ಪ್ರವಾಸಕ್ಕೆ ಹೋದವರು ಶುರು ಮಾಡಿದರೇ? ನಿಮ್ಮ ಸೈನ್ಯ ಸಾಕಿದವರಲ್ಲವೇ ಕೊಂದದ್ದು?"

"ಅದು ನಿನ್ನ ಟಿವಿ ಹೇಳುವುದು."

"ನಿನ್ನ ಟಿವಿ ಏನು ಹೇಳುತ್ತದೆ?"

ದನಿಗಳು ಏರಿದವು. ನಾಲ್ಕು ದಿನದಿಂದ ತಮ್ಮನ ಫೋನಿಲ್ಲ ಎಂದು ನಾನು ಅರಚಿದೆ. ಅವಳು ಸ್ಟೀರಿಂಗ್ ಮೇಲೆ ಅಂಗೈ ಬಡಿದಳು. ಆಮೇಲೆ ಮಾತು ನಿಂತಿತು. ಜಗಳವಾಡಿದವರು ಎದ್ದು ಹೋಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ನಮಗೆ ಆ ಅನುಕೂಲವಿರಲಿಲ್ಲ. ಕಾರು ಆಮೆಯಂತೆ ತೆವಳುತ್ತಿತ್ತು, ಮುಂದಿನ ಎಕ್ಸಿಟ್ಟಿಗೂ ಬೇಲಿ ಕಟ್ಟಿದ್ದರು. ನಾನು ಬಲಗಡೆಯ ಡ್ರಮ್ಮುಗಳನ್ನು ನೋಡುತ್ತ ಕೂತೆ, ಅವಳು ಮುಂದಿನ ಟ್ರಕ್ಕನ್ನು ನೋಡುತ್ತ ಕೂತಳು. ಅವಳ ಮೂಗು ಸೊರಸೊರ ಅನ್ನುತ್ತಿತ್ತು. ನನ್ನ ಬ್ಯಾಗಿನಲ್ಲಿ ಕಾಗದದ ಕರವಸ್ತ್ರವಿತ್ತು. ಬಹಳ ಹೊತ್ತಿನ ಮೇಲೆ ತೆಗೆದು ನಡುವಿನ ಜಾಗದಲ್ಲಿಟ್ಟೆ, ಅವಳು ತೆಗೆದುಕೊಂಡಳು.

ಮಾರನೆಯ ದಿನ ಶನಿವಾರ. ಗಂಡ ಹಿಂದಿನ ರಾತ್ರಿ ಬಂದವರು ಇನ್ನೂ ಮಲಗಿದ್ದರು. ಅಪ್ಪನಿಗೆ ಉಪ್ಪಿಟ್ಟು ಹಾಕಿಕೊಟ್ಟು ನಾನು ಕಾಫಿ ಬೆರೆಸುತ್ತಿದ್ದೆ. ಟಿವಿಯಲ್ಲಿ ಕೆಂಪು ಪಟ್ಟಿ ಓಡಿತು. ಕದನ ನಿಂತಿದೆ, ಎರಡೂ ಕಡೆಯವರು ಒಪ್ಪಿದ್ದಾರೆ, ಅಮೆರಿಕ ಮಧ್ಯೆ ನಿಂತು ಒಪ್ಪಿಸಿತು ಎಂದು.

ಅಪ್ಪ ಚಮಚ ಕೆಳಗಿಟ್ಟರು. "ಯಾರು ಹೇಳಿದ್ದು?"

"ಇಲ್ಲಿನ ಅಧ್ಯಕ್ಷರು ಅಪ್ಪ. ಫೋನಲ್ಲಿ ಹಾಕಿದಾರೆ."

"ನಮ್ಮವರು ಹೇಳ್ಲಿಲ್ವಾ?"

"ಇನ್ನೂ ಇಲ್ಲ."

ಸ್ವಲ್ಪ ಹೊತ್ತಿಗೆ ನಮ್ಮ ಸರ್ಕಾರವೂ ಹೇಳಿತು. ಆದರೆ ಪಾಕಿಸ್ತಾನದವರೇ ನಮ್ಮವರ ಜೊತೆ ನೇರವಾಗಿ ಮಾತಾಡಿ ಮಾಡಿಕೊಂಡದ್ದು ಎಂಬಂತೆ ಹೇಳಿತು, ಅಮೆರಿಕದ ಹೆಸರೆತ್ತಲಿಲ್ಲ. ಅಪ್ಪ ಚಾನಲ್ ಬದಲಿಸಿ ಬದಲಿಸಿ ನೋಡಿದರು. ಮಗಳು ಮಹಡಿಯಿಂದ ಇಳಿದು ಬಂದು ವಿಷಯ ಕೇಳಿ, "ತಾತ, ದಟ್ಸ್ ಗುಡ್, ರೈಟ್?" ಅಂದಳು. ಅವರು ಅವಳ ತಲೆ ಸವರಿದರು.

ಒಂದು ಗಂಟೆಯೊಳಗೆ ಮೈಸೂರಿನಿಂದ ಅಮ್ಮನ ಫೋನು ಬಂತು. ತಮ್ಮ ಹೆಂಡತಿಗೆ ಫೋನ್ ಮಾಡಿದ್ದ. ಹತ್ತಿರದಲ್ಲೇ ಶೆಲ್ ಬಿದ್ದು ಎಡಗಿವಿ ಕೇಳಿಸುತ್ತಿಲ್ಲ, ಮಿಕ್ಕಂತೆ ಕ್ಷೇಮ. ಅದನ್ನು ಅಪ್ಪನಿಗೆ ಎರಡು ಸಲ ಹೇಳಿದೆ. ಅಪ್ಪ ಹಿತ್ತಲಿಗೆ ಹೋದರು. ಕಾಫಿ ಹಿಡಿದು ನಾನೂ ಹೋದೆ. ಬೇಲಿ ಹಿಡಿದುಕೊಂಡು ನಿಂತಿದ್ದರು.

"ನಾವು ಬಾಂಗ್ಲಾ ಯುದ್ಧದಲ್ಲಿದ್ದಾಗ ಅಮೆರಿಕದ ಹಡಗುಗಳು ಬರ್ತಿವೆ ಅಂತ ಸುದ್ದಿ. ನಮ್ಮ ವಿರುದ್ಧ," ಎಂದರು. "ನಾನು ಹೊಲದಲ್ಲಿ ಪ್ಯಾಟನ್ ಟ್ಯಾಂಕಿಗೆ ಸರಪಣಿ ಕಟ್ತಾ ಇದ್ದೆ. ಅದೂ ಅಮೆರಿಕದವರು ಅವರಿಗೆ ಕೊಟ್ಟಿದ್ದು. ಈಗ ನನ್ನ ಮಗ ಹಿಡ್ಕೊಂಡಿರೋ ಬಂದೂಕೂ ಇಲ್ಲಿದೇ. ಇವತ್ತು ಇವರೇ ಸಾಕು ಅಂದ್ರು, ನಿಂತೋಯ್ತು. ನನ್ನ ಮಗ ಉಳ್ಕೊಂಡ. ಬೇಡ ಅನ್ನಕ್ಕೆ ಆಗತ್ತೇನಮ್ಮ?"

ಮಗ ಉಳಿದದ್ದಕ್ಕೆ ಅವರ ಕಣ್ಣು ತುಂಬಿತ್ತು. ಉಳಿಸಿದವರು ಯಾರೆಂದು ನೆನೆದರೆ ಅವರ ದವಡೆ ಬಿಗಿಯುತ್ತಿತ್ತು. ಎರಡೂ ಒಂದೇ ಮುಖದಲ್ಲಿದ್ದವು.

ಫೋನಿನಲ್ಲಿ ಅವಳ ಸಂದೇಶ ಬಂದು ಕೂತಿತ್ತು. "ತಮ್ಮ?" ಇಷ್ಟೇ. ಕ್ಷೇಮ ಎಂದು ಬರೆದು, "ಅಮ್ಮ, ತಂಗಿ?" ಎಂದು ಕೇಳಿದೆ. ಕ್ಷೇಮ ಎಂದು ಬಂತು.

ಸೋಮವಾರ ನಮ್ಮ ಮ್ಯಾನೇಜರ್ ಡೋನಟ್ಟುಗಳ ಎರಡು ಡಬ್ಬಿ ತಂದಿದ್ದರು. ಒಳ್ಳೆಯ ಮನುಷ್ಯ. ನನ್ನ ಮಗಳಿಗೆ ಜ್ವರ ಬಂದರೆ ಕೇಳುವ ಮೊದಲೇ ಮನೆಗೆ ಕಳಿಸುವಂಥವರು. ಅವಳನ್ನು ಬೂದು ಬಾಗಿಲಿನ ಆಚೆಯಿಂದ ಕರೆಸಿದರು. "ನಿಮ್ಮಿಬ್ಬರ ಬಗ್ಗೆ ವಾರವೆಲ್ಲ ಯೋಚನೆಯಾಗಿತ್ತು. ಅಂತೂ ನಮ್ಮವರು ಕೂತು ಬಗೆಹರಿಸಿಬಿಟ್ಟರು. ಎರಡು ದೇಶದವರೂ ಕೈ ಕುಲುಕಿ ನೋಡೋಣ" ಎಂದು ನಕ್ಕರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಯಾರೋ ಫೋನು ಎತ್ತಿ ಹಿಡಿದರು. ಶುಕ್ರವಾರ ಅರಚಾಡಿಕೊಂಡ ಮೇಲೆ ನಾವು ಒಬ್ಬರನ್ನೊಬ್ಬರು ಸರಿಯಾಗಿ ನೋಡಿರಲೂ ಇಲ್ಲ. ಬೆಳಿಗ್ಗೆ ಕಾರಿನಲ್ಲಿ ಹವಾಮಾನದ ಮಾತಷ್ಟೇ ಆಗಿತ್ತು. ಕೈ ಕುಲುಕಿದೆವು. ಅವಳ ಕೈ ತಣ್ಣಗಿತ್ತು. ಫೋಟೋದಲ್ಲಿ ಇಬ್ಬರೂ ನಗುತ್ತಿದ್ದೇವೆ.

ಸಂಜೆ ಕಾರಿನಲ್ಲಿ ಅವಳು, "ಒಂದನೇ ಕ್ಲಾಸಿನ ಮಕ್ಕಳ ಜಗಳ ಬಿಡಿಸಿದ ಹಾಗಿತ್ತು" ಅಂದಳು. ನನಗೆ ನಗು ಬಂತು, ಅವಳಿಗೂ ಬಂತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ.

"ಒಂದು ಕೇಳಲೇ? ಬೂದು ಬಾಗಿಲಿನ ಆಚೆ ನೀವು ಮಾಡುವುದು ಎಲ್ಲಿಗೆ ಹೋಗುತ್ತದೆ?" ಅಂದೆ. ಅಲ್ಲಿಯವರೆಗೆ ಕೇಳದಿದ್ದ ಪ್ರಶ್ನೆ.

ಅವಳು ಸಿಗ್ನಲ್ಲಿನಲ್ಲಿ ನಿಲ್ಲಿಸಿದ್ದಳು. "ನನಗೂ ಗೊತ್ತಿಲ್ಲ. ನಿಜವಾಗಿ. ಡ್ರಾಯಿಂಗಿನ ಮೇಲೆ ನಂಬರ್ ಇರುತ್ತದೆ, ದೇಶ ಇರುವುದಿಲ್ಲ. ಕಳೆದ ವಾರವೆಲ್ಲ ಒಂದೊಂದು ನಂಬರ್ ಬಂದಾಗಲೂ ಇದು ಎಲ್ಲಿಗೋ ಅಂತ ನೋಡುತ್ತಿದ್ದೆ. ಬಿಡುವ ಹಾಗಿಲ್ಲ, ಇಬ್ಬರು ಮಕ್ಕಳು ಕಾಲೇಜಿನಲ್ಲಿದ್ದಾರೆ." ಹಸಿರು ಬಂದ ಮೇಲೂ ಅವಳು ಹೊರಡಲಿಲ್ಲ, ಹಿಂದಿನವರು ಹಾರನ್ ಹೊಡೆದರು.

ಅಪ್ಪನಿಗೆ ಹೊಸ ಟಿಕೆಟ್ ಸಿಕ್ಕಿದ್ದು ತಿಂಗಳ ಕೊನೆಗೆ. ಕಾಯುವ ದಿನಗಳಲ್ಲಿ ಒಮ್ಮೆ, "ಇಲ್ಲೇ ಎಲ್ಲೋ ಟ್ಯಾಂಕ್ ಮಾಡೋ ಕಾರ್ಖಾನೆ ಇತ್ತಂತಲ್ಲ. ನಾವು ಎಳ್ದು ತಂದ ಪ್ಯಾಟನ್ ಒಳಗೆ ಡೆಟ್ರಾಯಿಟ್ ಅಂತ ಬರ್ದಿತ್ತು. ಅದೇನು ಊರಿನ ಹೆಸರೋ ಮನುಷ್ಯನ ಹೆಸರೋ ಅಂತ ಆಗ ನಮಗೆ ಗೊತ್ತಿರ್ಲಿಲ್ಲ" ಅಂದರು. ಕಾರ್ಖಾನೆ ಪಕ್ಕದ ವಾರನ್‌ನಲ್ಲಿತ್ತು, ನಮ್ಮ ಮನೆಯಿಂದ ಕೆಲವೇ ಮೈಲಿ. ನನ್ನ ಕಾರು ಇನ್ನೂ ಬಂದಿರಲಿಲ್ಲ. ಸಂಕೋಚದಿಂದಲೇ ಅವಳಿಗೆ ಹೇಳಿದೆ. ಭಾನುವಾರ ಗಂಡ ಶಿಕಾಗೋ ಕಡೆ ಹೊರಟ ಮೇಲೆ ಅವಳು ಬಂದಳು.

ಕಾರ್ಖಾನೆಯ ಮುಂದೆ ಬೇಲಿ, ಅದರಾಚೆ ಉದ್ದನೆಯ ಗೋಡೆ, ನೋಡುವಂಥದ್ದು ಏನೂ ಇರಲಿಲ್ಲ. ವಾಪಸು ಬರುವಾಗ ಮಾಜಿ ಸೈನಿಕರ ಸಭಾಂಗಣವೊಂದರ ಮುಂದೆ ಹುಲ್ಲಿನ ಮೇಲೆ ಹಳೆಯ ಟ್ಯಾಂಕೊಂದನ್ನು ನಿಲ್ಲಿಸಿದ್ದು ಅವಳ ಕಣ್ಣಿಗೆ ಬಿತ್ತು. ನಿಲ್ಲಿಸಿದಳು. ಅಪ್ಪ ಕೆಳಗಿಳಿದು ಅದರ ಸುತ್ತ ಒಂದು ಸಲ ಬಂದರು. "ಇದು ಆ ಪ್ಯಾಟನ್ನಿನ ತಮ್ಮ" ಎಂದು ನನಗೆ ಹೇಳಿ, ಅವಳ ಕಡೆ ತಿರುಗಿ ಹಿಂದಿಯಲ್ಲಿ, "ನಿನ್ನ ಊರು ಯಾವುದಮ್ಮ?" ಎಂದು ಕೇಳಿದರು. ಅವರ ಸೈನ್ಯದ ಹಿಂದಿ ನನ್ನದಕ್ಕಿಂತ ಎಷ್ಟೋ ಮೇಲು.

"ಸಿಯಾಲ್‌ಕೋಟ್. ತಂಗಿ ಜಫರ್‌ವಾಲ್ ಕಡೆ."

ಅಪ್ಪ ಟ್ಯಾಂಕಿನ ಚಕ್ರದ ಪಟ್ಟಿಯ ಮೇಲೆ ಕೈಯಿಟ್ಟರು. "ಎಪ್ಪತ್ತೊಂದರ ಯುದ್ಧದಲ್ಲಿ ನಾನು ಅಲ್ಲಿದ್ದೆ. ಯುದ್ಧ ನಿಂತ ಮೇಲೂ ತಿಂಗಳುಗಟ್ಟಲೆ ಅಲ್ಲೇ ಇದ್ದೆವು. ಊರುಗಳೆಲ್ಲ ಖಾಲಿ."

"ಗೊತ್ತು," ಅಂದಳು ಅವಳು. "ತಂಗಿಯ ಅತ್ತೆ ಆಗ ಹೊಸ ಸೊಸೆ. ಎತ್ತಿನ ಗಾಡಿಯಲ್ಲಿ ಓಡಿದವರು. ವಾಪಸು ಬಂದಾಗ ಮನೆಗೆ ಬಾಗಿಲೂ ಇರಲಿಲ್ಲವಂತೆ. ನಮ್ಮಮ್ಮನಿಗೆ ಈ ಟ್ಯಾಂಕೆಂದರೆ ದೇವರಿದ್ದ ಹಾಗೆ. ಅದಕ್ಕೂ ಹಿಂದಿನ, ಅರವತ್ತೈದರ ಯುದ್ಧದಲ್ಲಿ ಇವು ಬಂದು ನಮ್ಮ ಊರು ಉಳಿಸಿದವು ಅಂತ ಈಗಲೂ ಹೇಳುತ್ತಾಳೆ."

"ನಮ್ಮ ಹತ್ತಿರವೂ ಅಮೆರಿಕದ ಹಳೆಯ ಟ್ಯಾಂಕುಗಳಿದ್ದವು," ಅಂದರು ಅಪ್ಪ. ಆಮೇಲೆ, ಅವಳು ಕೇಳದೆಯೇ, "ಒಂದು ಮನೆಯೊಳಗೆ ಹೋಗಿದ್ದೆ. ಪರಾತದಲ್ಲಿ ಹಿಟ್ಟು ನಾದಿಟ್ಟು ಬಟ್ಟೆ ಮುಚ್ಚಿದ್ದರು. ಒಣಗಿ ಕಲ್ಲಾಗಿತ್ತು. ಆ ಮನೆಯವರು ಹಸಿದುಕೊಂಡೇ ಓಡಿದ್ದಾರಲ್ಲ ಅಂತ ನನಗೆ ಅವತ್ತು ಊಟ ಸೇರಲಿಲ್ಲ" ಅಂದರು.

ಅವಳು ಏನಾದರೂ ಹೇಳುತ್ತಾಳೆಂದು ನಾನು ಕಾದೆ. ಅಯ್ಯೋ ಪಾಪ ಎಂದೋ, ಹೋಗಲಿ ಬಿಡಿ ಎಂದೋ. ಅವಳು ಹಾಗೆ ಹೇಳಲಿಲ್ಲ. "ಬಾಗಿಲು ಯಾರು ಕಿತ್ತರು?" ಎಂದು ಕೇಳಿದಳು.

"ಚಳಿಗಾಲ. ನಮ್ಮವರೇ ಉರಿಸಿರುತ್ತಾರೆ," ಅಂದರು ಅಪ್ಪ.

ಅವಳು ತಲೆಯಾಡಿಸಿದಳು. ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದಳು. ಇಳಿಯುವಾಗ ಅವಳು ಹಿಂಬಾಗಿಲು ತೆರೆದು ಅಪ್ಪನಿಗೆ ಕೈ ಕೊಟ್ಟಳು, ಅವರು ಹಿಡಿದುಕೊಂಡು ಇಳಿದರು.

ಅಪ್ಪ ಹೊರಟರು. ಜೂನಿನಲ್ಲಿ ತಮ್ಮನಿಗೆ ಗಂಡುಮಗುವಾಯಿತು. ಅವನ ಕಿವಿ ಪೂರ್ತಿ ಸರಿಯಾಗಲಿಲ್ಲ, ಫೋನನ್ನು ಈಗ ಬಲಗಡೆಗೆ ಹಿಡಿಯುತ್ತಾನೆ. ಇಲ್ಲಿ ಟಿವಿ ಹಾಕಿದಾಗೆಲ್ಲ ಯುದ್ಧ ನಿಲ್ಲಿಸಿದ್ದು ತಾವೇ ಎಂಬ ಇಲ್ಲಿನ ಅಧ್ಯಕ್ಷರ ಮಾತು ಕೇಳಿಸುತ್ತಿತ್ತು, ಊರಿನವರು ಅಲ್ಲ ಅಲ್ಲ ಅನ್ನುತ್ತಿದ್ದರು. ನಾನು ಯಾರ ಮುಂದೆಯೂ ಹೌದೆಂದೂ ಇಲ್ಲವೆಂದೂ ಹೇಳಲಿಲ್ಲ. ಡಿಸೆಂಬರಿನಲ್ಲಿ ಮಗುವಿಗೆ ಅನ್ನಪ್ರಾಶನ ಇಟ್ಟುಕೊಂಡರು. ನಾನು ಹೋಗಬೇಕೆಂದರೆ ಅಲ್ಲಿ ವೀಸಾಗೆ ಹೊಸ ಮುದ್ರೆ ಹಾಕಿಸಿಕೊಂಡೇ ವಾಪಸಾಗಬೇಕು. ಸಂದರ್ಶನದ ದಿನಗಳನ್ನು ತಿಂಗಳುಗಟ್ಟಲೆ ಮುಂದೂಡುತ್ತಿದ್ದರು, ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. "ಬೇಡ, ರಿಸ್ಕ್ ತಗೋಬೇಡ" ಎಂದರು ಗಂಡ. ಅಪ್ಪನೂ ಅದನ್ನೇ ಹೇಳಿದರು. ಮಗುವಿನ ಬಾಯಿಗೆ ಪಾಯಸ ಇಡುವುದನ್ನು ನಾನು ಸ್ಟರ್ಲಿಂಗ್ ಹೈಟ್ಸ್‌ನಲ್ಲಿ, ಹಿಮ ಬೀಳುವ ಕಿಟಕಿಯ ಪಕ್ಕ, ಫೋನಿನಲ್ಲಿ ನೋಡಿದೆ.

ಅದೇ ದಿನಗಳಲ್ಲಿ ಅವಳು ರಜೆ ಹಾಕಿ ಸಿಯಾಲ್‌ಕೋಟಿಗೆ ಹೋಗಿದ್ದಳು. ನನ್ನ ಕಾರು ರಿಪೇರಿಯಾಗಿ ಎಷ್ಟೋ ತಿಂಗಳಾಗಿದ್ದರೂ ನಾವು ಒಂದೊಂದು ವಾರ ಒಬ್ಬೊಬ್ಬರ ಕಾರಿನಲ್ಲಿ ಹೋಗುವುದನ್ನು ಬಿಟ್ಟಿರಲಿಲ್ಲ. ಅವಳು ವಾಪಸು ಬಂದ ಮೊದಲ ಬೆಳಿಗ್ಗೆ ನಾನೇ ಅವಳನ್ನು ಹತ್ತಿಸಿಕೊಂಡೆ.

"ಸಂಜೆ ಹೊತ್ತು ತಂಗಿಯ ಮನೆಯ ಮಾಳಿಗೆ ಹತ್ತಿದರೆ ನಿಮ್ಮ ಕಡೆಯ ದೀಪಗಳ ಸಾಲು ಕಾಣಿಸುತ್ತದೆ," ಅಂದಳು. "ಬೇಲಿಯುದ್ದಕ್ಕೂ. ನಿನ್ನ ತಮ್ಮ ಅಲ್ಲೇ ಎಲ್ಲೋ ಇರುತ್ತಾನೆ ಅಂದುಕೊಂಡೆ. ತಂಗಿಗೆ ಹೇಳಲಿಲ್ಲ."

ನಾನು ಹೋಗಲಾರದಿದ್ದಾಗ ಅವಳು ನನ್ನ ತಮ್ಮನ ಅಷ್ಟು ಹತ್ತಿರಕ್ಕೆ ಹೋಗಿಬಂದಿದ್ದಳು. "ಚಳಿ ಇತ್ತೇ?" ಎಂದು ಕೇಳಿದೆ.

"ತುಂಬ. ಮಂಜು ಬೇರೆ," ಅಂದಳು. ಹೀಟರ್ ಜೋರು ಮಾಡಿ ಕಾರು ಹೊರಡಿಸಿದೆ.